ಬಜ್ಪೆ ಮೇಲೆ ಎರಡು ಸುತ್ತು

ಅಪ್ಪನ ಆಂಜಿಯೋಪ್ಲಾಸ್ಟಿ ಗುರುವಾರ ಹನ್ನೊಂದು ಗಂಟೆಗೆ ಅಂತ ಅಮ್ಮ ಫೋನ್ ಮಾಡಿದ್ದು ಬುಧವಾರ ರಾತ್ರಿ. ಜುಲೈ ತಿಂಗಳು. ಶಿರಾಡಿಯಲ್ಲಿ ಗುಡ್ಡ ಕುಸಿದು ಬಸ್ಸುಗಳೆಲ್ಲ ಸುತ್ತುಬಳಸಿ ಹೋಗ್ತಿದ್ದವು. ಸಿಕ್ಕಿದ ರೇಟಿಗೆ ಮಂಗಳೂರಿನ ಬೆಳಗಿನ ವಿಮಾನ ಬುಕ್ ಮಾಡಿದೆ. ಎಂಟಕ್ಕೆ ಇಳಿದರೆ ಒಂಬತ್ತೂವರೆಗೆ ಆಸ್ಪತ್ರೆ. ಅಪ್ಪನನ್ನು ಒಳಗೆ ಕರೆದುಕೊಂಡು ಹೋಗುವ ಮೊದಲು ಎರಡು ಮಾತಾಡಬಹುದು ಅನ್ನೋದು ನನ್ನ ಲೆಕ್ಕ.

ಚಕ್ರ ಕೆಳಗಿಳಿದ ಸದ್ದು ಕೇಳಿಸಿತು. ಕಿಟಕಿಯಾಚೆ ಬರೀ ಬಿಳಿ. ಒಂದು ಕ್ಷಣ ಮೋಡ ಹರಿದು ಅಡಿಕೆ ತೋಟದ ಹಸಿರು ಕಂಡಿತು. ಅಷ್ಟರಲ್ಲಿ ಇಂಜಿನ್ ಜೋರಾಗಿ ಕೂಗಿ ವಿಮಾನ ಮೂಗೆತ್ತಿತು. ಅರ್ಧ ಗಂಟೆ ಮೇಲೆ ಸುತ್ತಾಡಿ ಇನ್ನೊಮ್ಮೆ ಬಂದೆವು. ಮತ್ತೆ ಅದೇ. ಆಮೇಲೆ ಕ್ಯಾಪ್ಟನ್ ದನಿ: ವಾಪಸ್ ಬೆಂಗಳೂರಿಗೆ. "ಇದಕ್ಕಿಂತ ನಮ್ಮ ಬಸ್ ಡ್ರೈವರ್ ವಾಸಿ ಮಾರಾಯ್ರೆ" ಅಂದರು ಹಿಂದಿನ ಸೀಟಿನವರು. ಎಲ್ಲರೂ ನಕ್ಕರು, ನಾನೂ.

ನಗುವುದರಲ್ಲೇ ಬಿಟ್ಟಿದ್ದರೆ ಚೆನ್ನಾಗಿತ್ತು. ಬೆಂಗಳೂರಲ್ಲಿ ಇಳಿಯುವಾಗ ಬಾಗಿಲ ಹತ್ತಿರ ಕ್ಯಾಪ್ಟನ್ ನಿಂತಿದ್ದರು. "ಇನ್ನೊಂದ್ಸಲ ಟ್ರೈ ಮಾಡಬಹುದಿತ್ತಲ್ಲ ಸರ್, ನಮ್ಮಪ್ಪ ಆಪರೇಷನ್ ಥಿಯೇಟರಲ್ಲಿದ್ದಾರೆ" ಅಂದೆ. ದನಿ ಏರಿತ್ತು. ಅವರು "ಸಾರಿ" ಅಂದರು, ಅಷ್ಟೇ. ಅಪ್ಪನಿಗೆ ಸ್ಟೆಂಟ್ ಹಾಕುವಾಗ ನಾನು ಏರ್‌ಪೋರ್ಟಿನ ಕುರ್ಚಿಯಲ್ಲಿ ಸಂಜೆಯ ವಿಮಾನಕ್ಕೆ ಕಾಯುತ್ತಿದ್ದೆ. ಕಾಗದಗಳಿಗೆಲ್ಲ ಅಮ್ಮ ಒಬ್ಬಳೇ ಸಹಿ ಹಾಕಿದಳು.

ಆ ಕುರ್ಚಿಯಲ್ಲೇ ಸಿಟ್ಟಲ್ಲಿ ಹುಡುಕಲು ಶುರು ಮಾಡಿದ್ದು. ನಿಲ್ದಾಣದ ಹವೆಯನ್ನು ಪೈಲಟ್‌ಗಳಿಗೆ ತಿಳಿಸಲು 'ಮೆಟಾರ್' ಅಂತ ಒಂದು ವರದಿ ಬರುತ್ತದೆ. ನಮ್ಮ ಸರ್ವರ್ ಲಾಗ್ ಥರ ಒಂದೇ ಸಾಲು, ಫೋನಿನಲ್ಲಿ ಯಾರು ಬೇಕಾದರೂ ನೋಡಬಹುದು. ಮಂಗಳೂರಿನ ಕೋಡ್ ವಿಓಎಂಎಲ್. ಸಮಯ ನಮ್ಮದಲ್ಲ, ಯುಟಿಸಿ. ಐದೂವರೆ ಗಂಟೆ ಕೂಡಿಸಿಕೊಳ್ಳಬೇಕು. 24014ಕೆಟಿ ಅಂತಿದ್ದರೆ 240 ಡಿಗ್ರಿ ದಿಕ್ಕಿನಿಂದ, ಅಂದರೆ ನೈಋತ್ಯದಿಂದ, 14 ನಾಟ್ ವೇಗದ ಗಾಳಿ. 1200 ಅಂದರೆ ಅಷ್ಟೇ ಮೀಟರ್ ದೂರದವರೆಗೆ ಕಾಣುತ್ತದೆ. ಆರ್‌ಎ ಅಂದರೆ ಮಳೆ, ಅದರ ಮುಂದೆ ಪ್ಲಸ್ ಗುರುತಿದ್ದರೆ ಜೋರು ಮಳೆ. ಸಿಬಿ ಅಂತ ಕಂಡರೆ ಗುಡುಗಿನ ಮೋಡ. ಅದರೊಳಗೆ ಯಾವ ಪೈಲಟ್ ಕೂಡ ಬೇಕಂತ ನುಗ್ಗುವುದಿಲ್ಲ.

ಬಜ್ಪೆಯ ದೊಡ್ಡ ರನ್‌ವೇ ಹೆಸರು 06/24. ಅದೂ ಡಿಗ್ರಿಯೇ, ಕೊನೆಯ ಸೊನ್ನೆ ಬಿಟ್ಟಿದ್ದಾರೆ. ವಿಮಾನ ಇಳಿಯಬೇಕಾದ್ದು ಎದುರುಗಾಳಿಗೆ. ಮುಂಗಾರಿನ ಗಾಳಿ ಹೆಚ್ಚುಕಮ್ಮಿ 24ರ ಎದುರಿಗೇ ಬೀಸುವುದರಿಂದ ಮಾಮೂಲು ದಿನ ತೊಂದರೆಯಿಲ್ಲ. ತೊಂದರೆ ಮಳೆಯ ರೀತಿಯದ್ದು. ಕರಾವಳಿಯವರಿಗೆ ಗೊತ್ತು: ನಮ್ಮ ಮಳೆ ದಿನವಿಡೀ ಒಂದೇ ಸಮನೆ ಹೊಯ್ಯುವುದಿಲ್ಲ, ಸಮುದ್ರದಿಂದ ಒಂದೊಂದೇ ಕಂತು ಎದ್ದು ಬರುತ್ತದೆ. ಹತ್ತಿಪ್ಪತ್ತು ನಿಮಿಷ ಎದುರಿನ ಮನೆಯೂ ಕಾಣದು, ಆಮೇಲೆ ಏನೂ ಆಗದಂತೆ ಹೊಳವು. ಆ ಹೊಳವಿಗಾಗಿಯೇ ಮೇಲೆ ಸುತ್ತುವುದು. ಆದರೆ ಬದಲಿ ನಿಲ್ದಾಣಕ್ಕೆ ಹೋಗಲು ಬೇಕಾದ ಇಂಧನ ಟ್ಯಾಂಕಲ್ಲಿ ಉಳಿದಿರಲೇಬೇಕು. ಆ ಗೆರೆ ಮುಟ್ಟುವ ಮೊದಲು ಹೊರಡಬೇಕು, ನಿಮ್ಮಪ್ಪ ಎಲ್ಲಿದ್ದರೂ ಸರಿ.

ಇನ್ನು ಇಳಿಯುವ ಕ್ಷಣ. ಮಾಮೂಲು ಐಎಲ್‌ಎಸ್ ವ್ಯವಸ್ಥೆಯಲ್ಲಿ ಪೈಲಟ್ ರೇಡಿಯೋ ಸಂಕೇತ ಹಿಡಿದು ಮೋಡದೊಳಗೇ ಇಳಿಯುತ್ತಾ ಬರುತ್ತಾರೆ. ಒಂದು ನಿಗದಿತ ಎತ್ತರಕ್ಕೆ ಬಂದಾಗ ರನ್‌ವೇ ಅಥವಾ ಅದರ ದೀಪಗಳು ಕಾಣಲೇಬೇಕು. ಮೊದಲ ದರ್ಜೆಯ ಐಎಲ್‌ಎಸ್‌ನಲ್ಲಿ ಈ ಎತ್ತರ ನೆಲದಿಂದ 200 ಅಡಿಗಿಂತ ಕೆಳಗೆ ಹೋಗುವಂತಿಲ್ಲ. ಕಾಣಲಿಲ್ಲವೋ, ಮೇಲೆ. ಅಲ್ಲಿ ಯೋಚನೆ ಮಾಡಲು ಜಾಗವಿಲ್ಲ.

ಬಜ್ಪೆಯಲ್ಲಂತೂ ಜಾಗ ಇಲ್ಲವೇ ಇಲ್ಲ. ಗುಡ್ಡದ ತಲೆ ಸವರಿ ಮಾಡಿದ ರನ್‌ವೇ, 2450 ಮೀಟರ್. ಅಂಚಿನಾಚೆ ಕಣಿವೆ. ಒದ್ದೆ ರನ್‌ವೇಯಲ್ಲಿ ನೀರು ನಿಂತಿದ್ದರೆ ಟಯರ್ ನೆಲಕ್ಕೆ ತಾಗದೆ ನೀರ ಮೇಲೆ ಜಾರಬಹುದು, ಬ್ರೇಕ್ ಹಿಡಿಯುವುದಿಲ್ಲ.

ಇಷ್ಟು ಓದುವ ಹೊತ್ತಿಗೆ ಮೇ 22, 2010 ನೆನಪಾಗದೇ ಇರಲಿಲ್ಲ. ಆಗ ನಾನು ಹೈಸ್ಕೂಲು ಮುಗಿಸಿ ಮನೆಯಲ್ಲಿದ್ದೆ. ದುಬೈನಿಂದ ಬಂದ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿತ್ತು. 158 ಜನ ಹೋದರು, ಉಳಿದವರು ಎಂಟೇ ಮಂದಿ. ನಾನು ಇಷ್ಟು ವರ್ಷ ಮಳೆಯಿಂದ ಆದದ್ದು ಅಂದುಕೊಂಡಿದ್ದೆ. ಅಲ್ಲ. ಆ ಬೆಳಿಗ್ಗೆ ಹವೆ ಚೆನ್ನಾಗಿತ್ತು, ರನ್‌ವೇ ಕಾಣುತ್ತಿತ್ತು. ವಿಮಾನ ಬೇಕಾದ್ದಕ್ಕಿಂತ ಎತ್ತರದಲ್ಲಿ, ವೇಗವಾಗಿ ಬಂದಿತ್ತು; ಸುಮಾರು 1600 ಮೀಟರ್ ರನ್‌ವೇ ಕಳೆದ ಮೇಲೆ ನೆಲ ಮುಟ್ಟಿತು. ಇಳಿಯುವುದು ಬೇಡ, ಮೇಲೆ ಹೋಗೋಣ ಅಂತ ಸಹಪೈಲಟ್ ಮೂರು ಸಲ ಹೇಳಿದ್ದರೆಂದು ತನಿಖಾ ವರದಿಯಲ್ಲಿದೆ. ಕ್ಯಾಪ್ಟನ್ ಇಳಿಸಿದರು.

ಫೋನ್ ಕೆಳಗಿಟ್ಟು ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ. ಬೆಳಿಗ್ಗೆ ನಾನು ಬಾಗಿಲಲ್ಲಿ ಕೇಳಿದ್ದು ಏನನ್ನು?

ಸಂಜೆಯ ವಿಮಾನ ಹೊಳವಿನಲ್ಲಿ ಸಲೀಸಾಗಿ ಇಳಿಯಿತು. ಅಪ್ಪ ಐಸಿಯುನಲ್ಲಿ ಎಚ್ಚರವಾಗಿದ್ದರು. "ಲೇಟಾಯ್ತಾ?" ಅಂದರು. "ಮಳೆ ಅಲ್ವಾ, ಅವನಾದ್ರೂ ಎಂಥ ಮಾಡುದು" ಅಂತ ಅಮ್ಮನೇ ಉತ್ತರ ಕೊಟ್ಟಳು. ಬಾಗಿಲಲ್ಲಿ ನಾನು ಕೂಗಾಡಿದ್ದನ್ನು ಇಬ್ಬರಿಗೂ ಇನ್ನೂ ಹೇಳಿಲ್ಲ. ಆ ಕ್ಯಾಪ್ಟನ್ ಹೆಸರು ಘೋಷಣೆಯಲ್ಲಿ ಹೇಳಿರುತ್ತಾರೆ, ನಾನು ಕೇಳಿಸಿಕೊಂಡಿರಲಿಲ್ಲ.

ಅಪ್ಪನ ಮುಂದಿನ ಚೆಕಪ್ ಆಗಸ್ಟ್ ಎರಡನೇ ವಾರ. ಎರಡು ದಿನ ಮೊದಲೇ ಹೊರಡೋಣ ಅಂತ ರಜೆ ಹಾಕಿದ್ದೇನೆ. ಮ್ಯಾನೇಜರ್ ಕಾರಣ ಕೇಳಿದರು. ಮಳೆ ಅಂದೆ.