ಕೆರೆಯ ಸಮುದಾಯ ಯಾರು?

ಮೊನ್ನೆ ಭಾನುವಾರ ಬೆಳಿಗ್ಗೆ ಮೊಮ್ಮಗಳು ಇಂಗ್ಲಿಷ್ ಓದುವಿಕೆಯ ಮಾದರಿ ಪ್ರಶ್ನೆಪತ್ರಿಕೆಯೊಂದನ್ನು ಹಿಡಿದು ಬಂದಳು. ಪ್ರೌಢಶಾಲೆಯಲ್ಲಿ ದಶಕಗಳ ಕಾಲ ಗದ್ಯಭಾಗ ಕೊಟ್ಟು ಪ್ರಶ್ನೆ ಕೇಳಿದ ನನಗೆ ಇಂಥ ಹಾಳೆ ಕಂಡರೆ ಇಂದಿಗೂ ಕೈ ತಾನಾಗಿ ಕೆಂಪು ಪೆನ್ನನ್ನು ಹುಡುಕುತ್ತದೆ.

ಗದ್ಯಭಾಗ ಆಫ್ರಿಕಾದ ನಮೀಬಿಯಾ ದೇಶವನ್ನು ಕುರಿತದ್ದು. ಬರಗಾಲ ಮತ್ತು ಕಳ್ಳಬೇಟೆಯಿಂದ ವನ್ಯಪ್ರಾಣಿಗಳು ತೀರ ಕ್ಷೀಣಿಸಿದ್ದಾಗ, 1980ರ ದಶಕದಲ್ಲಿ ಅಲ್ಲಿನ ವಾಯವ್ಯ ಭಾಗದ ಮುಖಂಡರು ತಮ್ಮ ಜನರನ್ನೇ ಕಾವಲಿಗೆ ನೇಮಿಸಿದರು. 1996ರ ಕಾನೂನು ವನ್ಯಜೀವಿ ನಿರ್ವಹಣೆಯ ಹಕ್ಕನ್ನೂ ಅದರ ಲಾಭವನ್ನೂ ಸ್ಥಳೀಯ ಸಮುದಾಯಗಳಿಗೆ ನೀಡಿತು. ತರುವಾಯ ಪ್ರವಾಸೋದ್ಯಮವೂ ಬೆಳೆಯಿತು. ಪ್ರಶ್ನೆ ಇಷ್ಟೇ: ಈ ಸಂರಕ್ಷಣೆ ಫಲಿಸಲು ಮೂಲ ಕಾರಣವೇನು? ಉತ್ತರಗಳು ನಾಲ್ಕು: ಪ್ರವಾಸಿಗರ ಹಣ, ಕಠಿಣ ಶಿಕ್ಷೆ, ಸ್ಥಳೀಯರಿಗೆ ದೊರೆತ ಹಕ್ಕು ಮತ್ತು ಹೊಣೆ, ಜನರು ಮಾಡಿದ ತ್ಯಾಗ.

ಅವಳು ಮೊದಲನೆಯದಕ್ಕೆ ಗುರುತು ಹಾಕಿದ್ದಳು. "ಪಾಸೇಜಿನಲ್ಲೇ ಬರೆದಿದೆಯಲ್ಲಾ ತಾತ?" ಎಂದಳು.

ಬರೆದಿದೆ, ನಿಜ. ಆದರೆ ಗದ್ಯದಲ್ಲಿರುವುದೆಲ್ಲ ಉತ್ತರವಲ್ಲ. ಕೇಳಿದ್ದಕ್ಕೆ ಸಲ್ಲುವುದು ಮಾತ್ರ ಉತ್ತರ. ಇಲ್ಲಿ ಕೇಳಿರುವುದು 'ಮೂಲ' ಕಾರಣ. ಕಾವಲು ಮೊದಲಾದದ್ದು 1980ರ ದಶಕದಲ್ಲಿ, ಪ್ರವಾಸೋದ್ಯಮ ಬೆಳೆದದ್ದು 1996ರ ತರುವಾಯ. ಹಿಂದೆ ಬಂದ ಫಲ ಮುಂಚಿನ ಕಾರ್ಯಕ್ಕೆ ಕಾರಣವಾಗಲಾರದು. ಶಿಕ್ಷೆಯ ಮಾತು ಗದ್ಯದಲ್ಲೇ ಇಲ್ಲ. ಇನ್ನು ತ್ಯಾಗವೆಂದರೆ, ಲಾಭದಲ್ಲಿ ಪಾಲು ದೊರೆತವರನ್ನು ತ್ಯಾಗಿಗಳೆನ್ನುವುದು ಹೇಗೆ? ಉಳಿಯುವುದು ಮೂರನೆಯದು. ಅವಳು ಒಪ್ಪಿದಳು, ಆದರೂ "ಹಕ್ಕು ಕೊಟ್ಟರೆ ಯಾರಾದರೂ ಯಾಕೆ ಕಾಯಬೇಕು?" ಎಂದು ಕೇಳಿದಳು.

ಅದಕ್ಕೆ ನಾನು ಕೊಕ್ಕರೆ ಬೆಳ್ಳೂರಿನ ಕಥೆ ಹೇಳಿದೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಈ ಗ್ರಾಮಕ್ಕೆ ಒಮ್ಮೆ ಮಕ್ಕಳನ್ನು ಪ್ರವಾಸ ಕರೆದೊಯ್ದಿದ್ದೆ. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಅಲ್ಲಿ ಮನೆಗಳ ನಡುವಿನ ಹುಣಿಸೆ, ಅರಳಿ ಮರಗಳಲ್ಲೇ ಗೂಡು ಕಟ್ಟುತ್ತವೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಅವು ಎಂಬ ಭಾವನೆ ಊರಿನವರದು. ಹಿಕ್ಕೆ ಬಿದ್ದ ಮಣ್ಣು ಹೊಲಕ್ಕೆ ಗೊಬ್ಬರವಾಗುತ್ತದೆ. ಅದೇ ಹಿಕ್ಕೆಯಿಂದ ಹುಣಿಸೆಯ ಫಸಲು ಹಾಳಾಗುವುದೂ ಉಂಟು. ಆ ನಷ್ಟಕ್ಕೆ ಅರಣ್ಯ ಇಲಾಖೆ ಮರದ ಒಡೆಯರಿಗೆ ಪರಿಹಾರ ಕೊಡುವ ಪದ್ಧತಿ ಬಂತು. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವೆಂದು ಘೋಷಿತವಾಯಿತು. ಪ್ರೀತಿ, ಗೊಬ್ಬರ, ಪರಿಹಾರ, ಈ ಮೂರರಲ್ಲಿ ಯಾವುದೊಂದನ್ನು ತೆಗೆದರೂ ಲೆಕ್ಕ ಸರಿಹೊಂದದು.

ಆದರೆ ಊರಿನವರ ಕೈಗೆ ಮೀರಿದ್ದೂ ಇದೆ. 2017ರ ಕೊನೆಯಿಂದ ಅಲ್ಲಿ ಹೆಜ್ಜಾರ್ಲೆಗಳು ಸಾಯತೊಡಗಿದವು. ಅವುಗಳ ಹೊಟ್ಟೆಯಲ್ಲಿ ಪರೋಪಜೀವಿ ಹುಳುಗಳಿದ್ದವು. ಹಕ್ಕಿಗಳು ಮೀನು ಹಿಡಿಯುವ ದೂರದ ಕೆರೆಗಳ ಮೇಲೆ ಆ ಗ್ರಾಮಕ್ಕೆ ಯಾವ ಅಧಿಕಾರವೂ ಇಲ್ಲ. ಗೂಡನ್ನು ಹಳ್ಳಿ ಕಾಯಬಹುದು, ನೀರನ್ನು ಸರ್ಕಾರವೇ ಕಾಯಬೇಕು. ಸಮುದಾಯಕ್ಕೆ ಒಪ್ಪಿಸಿದೆವೆಂದು ಸರ್ಕಾರ ಕೈತೊಳೆದುಕೊಳ್ಳುವಂತಿಲ್ಲ.

ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಮೊಮ್ಮಗಳ ಮುಂದಿನ ಪ್ರಶ್ನೆ ಬಂತು: "ಹಾಗಾದರೆ ನಮ್ಮ ಹಲಸೂರು ಕೆರೆಗೆ ಸಮುದಾಯ ಯಾರು ತಾತ?"

ನನ್ನಲ್ಲಿ ಸಿದ್ಧ ಉತ್ತರವಿರಲಿಲ್ಲ. 2016ರ ಮಾರ್ಚ್‌ನಲ್ಲಿ ಆ ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದಾಗ ನಾವೆಲ್ಲ ಬೇಲಿಯಾಚೆ ಮೂಗು ಮುಚ್ಚಿ ನಿಂತು ನೋಡಿದೆವು. ಅಧಿಕಾರಿಗಳನ್ನು ಬಯ್ದೆವು. ಬಯ್ಯಲು ಕಾರಣವಿತ್ತು. ಆದರೆ ಆ ನೀರಿನೊಡನೆ ನಮಗಿದ್ದ ಸಂಬಂಧವಾದರೂ ಏನು? ನೋಟ ಮತ್ತು ಗಾಳಿ, ಅಷ್ಟೇ.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಿಕೊಳ್ಳಬೇಕು. ಹಲವು ವರ್ಷಗಳ ಹಿಂದೆ, ಪೂರ್ವ ಭಾಗದ ಒಂದು ಕೆರೆಯ ಏರಿಯ ಮೇಲೆ ವಾಯುವಿಹಾರ ಮಾಡುತ್ತಿದ್ದ ನಾವು ಕೆಲವರು ಮನವಿಪತ್ರವೊಂದನ್ನು ಸಿದ್ಧಪಡಿಸಿದ್ದೆವು. ದನ ಮೇಯಿಸುವವರನ್ನೂ ಹುಲ್ಲು ಕೊಯ್ಯುವ ಹೆಂಗಸರನ್ನೂ ಒಳಗೆ ಬಿಡಬಾರದೆಂಬುದು ನಮ್ಮ ಬೇಡಿಕೆ. ಅದರ ಒಕ್ಕಣೆ ತಿದ್ದಿದವನು ನಾನೇ. 'ಸಮುದಾಯದ ಪರವಾಗಿ' ಎಂದು ಕೊನೆಯಲ್ಲಿ ಬರೆದು ಸಹಿ ಹಾಕಿದ್ದೆ. ಆ ಹೆಂಗಸರಲ್ಲಿ ಒಬ್ಬರನ್ನಾದರೂ ನಾವು ಮಾತನಾಡಿಸಿರಲಿಲ್ಲ. ನಮಗಿಂತ ಮುಂಚಿನಿಂದ ಆ ಕೆರೆಯನ್ನು ಬಲ್ಲವರು ಅವರು. ಹೂಳೆಲ್ಲಿ, ಕೊಳಚೆ ಎಲ್ಲಿಂದ ಸೇರುತ್ತಿದೆ ಎಂಬುದು ಅವರಿಗೆ ತಿಳಿದಿರಲಿಕ್ಕೆ ಸಾಕು.

ಬೇರೆ ದಾರಿಯೂ ಇತ್ತೆಂಬುದಕ್ಕೆ ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆ ಸಾಕ್ಷಿ. ಬತ್ತಿ ಹಾಳಾಗಿದ್ದ ಅದನ್ನು ಸುತ್ತಲಿನ ನಿವಾಸಿಗಳೂ ಅಂದಿನ ಮಹಾನಗರ ಪಾಲಿಕೆಯೂ ಕೂಡಿ ಪುನರುಜ್ಜೀವನಗೊಳಿಸಿದಾಗ, ವಾಯುವಿಹಾರಕ್ಕೆ ದಾರಿ ಮಾಡಿದರು. ದನಗಳಿಗೆ ಹುಲ್ಲು ಕೊಯ್ಯುವವರಿಗೂ ಮೀನು ಹಿಡಿಯುವವರಿಗೂ ಅಲ್ಲಿ ಎಡೆ ಉಳಿಸಿದರು. ಸಾಮೂಹಿಕ ಸಂಪತ್ತನ್ನು ಬಳಸುವವರೇ ನಿಯಮ ಕಟ್ಟಿಕೊಂಡು ಕಾಯಬಲ್ಲರೆಂದು ತೋರಿಸಿದ ಎಲಿನಾರ್ ಆಸ್ಟ್ರಂ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದದ್ದು ಇದೇ ತತ್ತ್ವಕ್ಕಾಗಿ.

ಆದ್ದರಿಂದ ನನ್ನ ಅಭಿಪ್ರಾಯವಿದು: ಆ ಪ್ರಶ್ನೆಪತ್ರಿಕೆಯ ಮೂರನೆಯ ಉತ್ತರ ಸರಿ, ಆದರೆ ಅರ್ಧ ಸರಿ. 'ಸ್ಥಳೀಯರು' ಎಂಬ ಪದದೊಳಗೆ ಯಾರನ್ನು ಸೇರಿಸುತ್ತೇವೆ ಎಂಬುದರಲ್ಲಿ ಉಳಿದರ್ಧವಿದೆ. ನಷ್ಟ ಹೊರುವವನನ್ನು ಬಿಟ್ಟು ನೋಟ ಸವಿಯುವವರಷ್ಟೇ ಸೇರಿದರೆ ಅದು ಸಮುದಾಯವಲ್ಲ, ಸಂಘ.

ಮೊಮ್ಮಗಳಿಗೆ ಅಂಕ ಪೂರ್ತಿ ಸಿಕ್ಕೀತು. ಅವಳ ತಾತ ಆ ಮನವಿಪತ್ರದಲ್ಲಿ ಅನುತ್ತೀರ್ಣನಾಗಿದ್ದನೆಂಬುದನ್ನು ಮಾತ್ರ ನಾನೇ ತಿದ್ದಿ ಬರೆದುಕೊಳ್ಳಬೇಕಾಗಿದೆ.