ಮಾಗಡಿಯ ಹಂಸಗಳು

ಕಾರ್ತಿಕ ಸರಿದು ನಮ್ಮ ಸವದತ್ತಿಯ ಗುಡ್ಡದ ಗಾಳಿಗೆ ಚಳಿಯೇರಿತೆಂದರೆ, ನೆರೆಯ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಉತ್ತರದ ಅತಿಥಿಗಳು ಬಂದಿಳಿಯುವವು. ಶಿರಹಟ್ಟಿ ತಾಲೂಕಿನ ಈ ಕೆರೆಯು 2024ರಲ್ಲಿ ಜಗತ್ತಿನ ಮುಖ್ಯ ಜಲಾಶಯಗಳ ರಾಮ್ಸಾರ್ ಪಟ್ಟಿಗೆ ಸೇರಿರುವದು. ಬೂದುಬಣ್ಣದ ಮೈ, ಬಿಳಿಯ ತಲೆ, ಹಿಂದಲೆಗೆ ಎರಡು ಕಪ್ಪುಪಟ್ಟೆ; ಪಟ್ಟೆತಲೆಯ ಹೆಬ್ಬಾತೆಂದು ಹೆಸರು.

ಮೇಘದೂತದ ಪಾಠ ಹೇಳುವಾಗ, ಮಾನಸಸರೋವರಕ್ಕೆ ಹಾರುವ ರಾಜಹಂಸಗಳನ್ನು ಕೇವಲ ಕವಿಸಮಯವೆಂದು ನಾನು ದಾಟಿಸಿಬಿಡುತ್ತಿದ್ದೆನು. ಅದು ನನ್ನ ತಪ್ಪು. ಈ ಹಕ್ಕಿಗಳು ಟಿಬೇಟ, ಲಡಾಖ, ಮಂಗೋಲಿಯಾಗಳ ಸರೋವರತೀರದಲ್ಲಿ ಮರಿಮಾಡಿ ಹಿಮಾಲಯವನ್ನು ದಾಟಿ ಬರುವವು. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಹಕ್ಕಿಗಳು ಕರ್ನಾಟಕದಲ್ಲಿ ಕಂಡುಬಂದಿರುವವು. ಕಾಳಿದಾಸನ ಹಂಸವು ಇದೇ ಎಂದು ಆಣೆಯಿಡಲಾರೆನು. ಆತನ ಹಂಸಗಳು ಆಷಾಢದ ಮೇಘದೊಡನೆ ಹೊರಡುವವು, ನಮ್ಮವು ಮಾರ್ಚಿನ ಬಿಸಿಲಿಗೇ ಗಂಟುಕಟ್ಟುವವು. ಹಾಲು-ನೀರು ಬೇರ್ಪಡಿಸುವ ಮಾತಂತೂ ಇಲ್ಲಿಲ್ಲ. ಹಗಲೆಲ್ಲ ನೀರಿನಲ್ಲಿ ವಿಶ್ರಮಿಸಿ, ಇರುಳು ಹೊಲಗಳಿಗಿಳಿದು ಶೇಂಗಾ ಮೊದಲಾದವನ್ನು ಮೇಯುವವು! ಒಕ್ಕಲಿಗನಿಗೆ ಇದು ನಷ್ಟವೇ ಸರಿ. ಹಕ್ಕಿಯ ಚೆಲುವನ್ನು ಹೊಗಳುವ ನಾವು ಅದನ್ನು ಮರೆಯಬಾರದು.

ನೋಡಹೋಗುವವರು ನಸುಕಿನಲ್ಲೇ ದಂಡೆ ಸೇರಬೇಕು. ಹಿಂಡುಗಳು ಹೊಲದಿಂದ ಮರಳುವ ಹೊತ್ತದು. ಹಳೆಯ ವಿದ್ಯಾರ್ಥಿಗಳಿಗೆ ಈ ತಿದ್ದುಪಡಿಯನ್ನು ಪತ್ರದಿಂದ ತಿಳಿಸಲಾರಂಭಿಸಿರುವೆನು. ವಿಳಾಸ ಸಿಕ್ಕದವರು ಇಲ್ಲಿಯೇ ಓದಿಕೊಳ್ಳಲಿ.