ಪ್ಲೇಟ್‌ಲೆಟ್ ಎಷ್ಟು ಅಂತ ಮಾತ್ರ ಕೇಳಬೇಡಿ

ಮಳೆಗಾಲ ಶುರುವಾದರೆ ಸಾಕು, ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ, ಶಾಲೆಯ ಗೇಟಿನ ಮುಂದೆ, ತರಕಾರಿ ಗಾಡಿಯ ಹತ್ತಿರ ಒಂದೇ ಮಾತು. 'ಅವರ ಮಗನಿಗೆ ಡೆಂಗ್ಯೂ ಅಂತೆ ಕಣ್ರೀ. ಪ್ಲೇಟ್‌ಲೆಟ್ ನಲವತ್ತು ಸಾವಿರಕ್ಕೆ ಇಳಿದಿದೆಯಂತೆ!' ಅಲ್ಲಿಗೆ ಎಲ್ಲರ ಮುಖವೂ ಇಳಿಯುತ್ತದೆ. 2024ರಲ್ಲಿ ನಮ್ಮ ರಾಜ್ಯ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಭಯ ಸಹಜವೇ. ಆದರೆ ಈ ಒಂದು ಸಂಖ್ಯೆಯ ಹಿಂದೆ ಬಿದ್ದು ನಾವು ನಿಜವಾದ ಅಪಾಯವನ್ನೇ ಮರೆಯುತ್ತಿದ್ದೇವೆ ಅನ್ನುವುದು ನನ್ನ ಅಭಿಪ್ರಾಯ.

ಅಷ್ಟಕ್ಕೂ ಪ್ಲೇಟ್‌ಲೆಟ್ ಅಂದರೇನು? ಮೂಳೆಯ ಮಜ್ಜೆಯಲ್ಲಿರುವ ದೊಡ್ಡ ಜೀವಕೋಶಗಳಿಂದ ಕಳಚಿಕೊಂಡು ರಕ್ತಕ್ಕೆ ಸೇರುವ ಪುಟ್ಟ ಚೂರುಗಳು. ಆರೋಗ್ಯವಂತರ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಸುಮಾರು 1.5 ಲಕ್ಷದಿಂದ 4.5 ಲಕ್ಷ ಇರುತ್ತವೆ. ಆಯುಸ್ಸು ಏಳರಿಂದ ಹತ್ತು ದಿನ ಅಷ್ಟೇ. ತರಕಾರಿ ಹೆಚ್ಚುವಾಗ ಬೆರಳು ಕೊಯ್ದುಕೊಂಡಿರಿ ಎನ್ನಿ. ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್ ಎಂಬ ಪ್ರೋಟೀನನ್ನು ಗೋಂದಿನಂತೆ ಬಳಸಿಕೊಂಡು ಗಾಯದ ಜಾಗಕ್ಕೆ ಮೊದಲು ಅಂಟಿಕೊಳ್ಳುವುದು ಇವೇ. ಆಮೇಲೆ ರಾಸಾಯನಿಕಗಳನ್ನು ಬಿಟ್ಟು ಉಳಿದವನ್ನೂ ಕರೆಯುತ್ತವೆ. ಮೈಮೇಲಿನ ಕೊಕ್ಕೆಯಂಥ ಪ್ರೋಟೀನುಗಳಿಂದ ಒಂದಕ್ಕೊಂದು ಹೆಣೆದುಕೊಂಡು ರಕ್ತಕ್ಕೆ ಬೆಣೆ ಹಾಕುತ್ತವೆ.

ಅಂದರೆ ಸಂಖ್ಯೆಯಷ್ಟೇ ಕೆಲಸವೂ ಮುಖ್ಯ. ಪ್ಲೇಟ್‌ಲೆಟ್ ಸಾಕಷ್ಟಿದ್ದೂ ರಕ್ತ ನಿಲ್ಲದ ಒಂದು ಹುಟ್ಟುಕಾಯಿಲೆಯನ್ನು ಸ್ವಿಟ್ಜರ್ಲೆಂಡಿನ ಮಕ್ಕಳ ವೈದ್ಯ ಗ್ಲಾಂಜ್‌ಮನ್ 1918ರಲ್ಲೇ ವಿವರಿಸಿದ್ದರು. ಅಲ್ಲಿ ಕೆಟ್ಟಿರುವುದು ಆ ಕೊಕ್ಕೆ ಎಂದು ಗೊತ್ತಾಗಿದ್ದು ಎಷ್ಟೋ ವರ್ಷಗಳ ನಂತರ.

ಡೆಂಗ್ಯೂ ವೈರಸ್ ಮಜ್ಜೆಯ ಕೆಲಸವನ್ನು ಕೆಲವು ದಿನ ಕುಂಠಿತಗೊಳಿಸುತ್ತದೆ. ಜೊತೆಗೆ ನಮ್ಮದೇ ರೋಗನಿರೋಧಕ ವ್ಯವಸ್ಥೆ ಪ್ಲೇಟ್‌ಲೆಟ್‌ಗಳನ್ನು ನಾಶಮಾಡುತ್ತದೆ. ಹೆಚ್ಚಿನವರಲ್ಲಿ ಕೆಲವೇ ದಿನಗಳಲ್ಲಿ ಸಂಖ್ಯೆ ತಾನಾಗಿಯೇ ಏರುತ್ತದೆ. ದೊಡ್ಡ ಅಪಾಯ ಬೇರೆಡೆ ಇದೆ: ರಕ್ತನಾಳಗಳು ಸೋರಿ, ರಕ್ತದ ನೀರಿನಂಶ ಹೊರಹೋಗಿ, ಬಿ.ಪಿ. ಕುಸಿಯುವುದು. ಇದಾಗುವುದು ಸಾಮಾನ್ಯವಾಗಿ ಜ್ವರ ಬಿಡುವ ಹೊತ್ತಿಗೆ! 'ಸದ್ಯ, ಜ್ವರ ಇಳೀತು' ಅಂತ ನಾವು ನಿಟ್ಟುಸಿರು ಬಿಡುವಾಗಲೇ ಕಣ್ಣಿಟ್ಟಿರಬೇಕು. ರಿಪೋರ್ಟಿನಲ್ಲಿ ಪಿ.ಸಿ.ವಿ. ಅಥವಾ ಹೆಮಟೋಕ್ರಿಟ್ ಎಂಬ ಸಾಲು ಇರುತ್ತದಲ್ಲ, ಅದು ಏರುತ್ತಿದ್ದರೆ ರಕ್ತ ಮಂದವಾಗುತ್ತಿದೆ ಎಂದರ್ಥ. ಆ ಸಾಲಿನ ಬಗ್ಗೆ ಕೇಳುವವರು ಎಷ್ಟು ಜನ?

ರಾತ್ರೋರಾತ್ರಿ ದಾನಿಗಳನ್ನು ಹುಡುಕಿ ಪ್ಲೇಟ್‌ಲೆಟ್ ಹಾಕಿಸುವುದೇ ಚಿಕಿತ್ಸೆ ಎಂಬ ನಂಬಿಕೆಯೂ ಇದೆ. ರಕ್ತಸ್ರಾವವಿಲ್ಲದಿದ್ದರೆ ಸಾಮಾನ್ಯವಾಗಿ 10,000ಕ್ಕಿಂತ ಕೆಳಗೆ ಇಳಿದಾಗ ಮಾತ್ರ ಕೊಡಬೇಕು ಅನ್ನುತ್ತದೆ ನಮ್ಮ ರಾಷ್ಟ್ರೀಯ ಮಾರ್ಗಸೂಚಿ. ಸಿಂಗಪುರ ಮತ್ತು ಮಲೇಷ್ಯಾದಲ್ಲಿ 20,000 ಅಥವಾ ಅದಕ್ಕಿಂತ ಕಡಿಮೆ ಇದ್ದೂ ರಕ್ತಸ್ರಾವವಿಲ್ಲದ ವಯಸ್ಕರ ಮೇಲೆ ನಡೆದ ಅಧ್ಯಯನ 2017ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ಮುಂಜಾಗ್ರತೆಗೆಂದು ಪ್ಲೇಟ್‌ಲೆಟ್ ಕೊಟ್ಟರೂ ರಕ್ತಸ್ರಾವ ಕಡಿಮೆಯಾಗಲಿಲ್ಲ, ಅಡ್ಡಪರಿಣಾಮ ಮಾತ್ರ ಜಾಸ್ತಿಯಾಯಿತು. ರಕ್ತನಿಧಿಯಲ್ಲಿ ಪ್ಲೇಟ್‌ಲೆಟ್ ಸಾಮಾನ್ಯವಾಗಿ ಐದೇ ದಿನ ಇಡಬಹುದು. ಬೇಡದವರಿಗೆ ಹೋದ ಒಂದು ಚೀಲ, ಕಿಮೊಥೆರಪಿಯಲ್ಲಿರುವ ಯಾವುದೋ ಮಗುವಿಗೆ ತಪ್ಪಬಹುದು. ಡಾಕ್ಟರನ್ನು ಒತ್ತಾಯಿಸುವ ಮೊದಲು ಇದನ್ನು ಯೋಚಿಸೋಣ.

ಪಪ್ಪಾಯ ಎಲೆ ರಸ? ಸಂಖ್ಯೆ ತುಸು ಬೇಗ ಏರುತ್ತದೆ ಎಂದು ಕೆಲವು ಸಣ್ಣ ಅಧ್ಯಯನಗಳು ಹೇಳಿವೆ. ಪ್ರಾಣ ಉಳಿಸುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಇಲ್ಲ. ವಾಂತಿ ಮಾಡುತ್ತಿರುವ ಮಗುವಿಗೆ ಆ ಕಹಿಯನ್ನು ಒತ್ತಾಯದಿಂದ ಕುಡಿಸಬೇಡಿ.

ಇನ್ನು ನಮ್ಮ ವಿಷಯ. ಮನೆಯವರಿಗೆ ಜ್ವರ ಬಂದರೆ ಗಂಟೆಗೊಮ್ಮೆ ಹಣೆ ಮುಟ್ಟಿ ನೋಡುವ ನಾವು, ನಮಗೇ ಬಂದಾಗ ಮಾತ್ರೆ ನುಂಗಿ ಅಡುಗೆಮನೆಗೆ ಹೋಗುತ್ತೇವೆ. ಜ್ವರದ ಜೊತೆ ಮುಟ್ಟಿನ ಸ್ರಾವ ಎಂದಿಗಿಂತ ಹೆಚ್ಚಾದರೆ ಅದೂ ಎಚ್ಚರಿಕೆಯ ಗಂಟೆಯೇ. ದಯವಿಟ್ಟು ಸಂಕೋಚ ಬಿಟ್ಟು ಡಾಕ್ಟರಿಗೆ ಹೇಳಿ.

ಇವು ನೆನಪಿರಲಿ:

* ಜ್ವರಕ್ಕೆ ಡಾಕ್ಟರು ಹೇಳಿದಷ್ಟೇ ಪ್ಯಾರಾಸಿಟಮಾಲ್. ಆಸ್ಪಿರಿನ್, ಐಬುಪ್ರೊಫೇನ್, ಡೈಕ್ಲೊಫೆನಾಕ್ ಬೇಡ. ಆಸ್ಪಿರಿನ್ ಪ್ಲೇಟ್‌ಲೆಟ್‌ನ ಒಂದು ಕಿಣ್ವವನ್ನು ಕಟ್ಟಿಹಾಕುತ್ತದೆ. ಪ್ಲೇಟ್‌ಲೆಟ್‌ಗೆ ಕೋಶಕೇಂದ್ರವಿಲ್ಲದ ಕಾರಣ ಆ ಕಿಣ್ವವನ್ನು ಮತ್ತೆ ಬೇಕಾದಷ್ಟು ತಯಾರಿಸಿಕೊಳ್ಳಲಾರದು. ಇರುವಷ್ಟು ದಿನವೂ ಅದರ ಅಂಟುವ ಶಕ್ತಿ ಕುಂದಿರುತ್ತದೆ.
* ಅತ್ತೆ-ಮಾವ ಹೃದಯಕ್ಕೆಂದು ಆಸ್ಪಿರಿನ್ ತೆಗೆದುಕೊಳ್ಳುತ್ತಿದ್ದರೆ ನೀವೇ ನಿಲ್ಲಿಸಬೇಡಿ, ಜ್ವರ ಬಂದ ಕೂಡಲೇ ಡಾಕ್ಟರಿಗೆ ತಿಳಿಸಿ.
* ಓ.ಆರ್.ಎಸ್., ಎಳನೀರು, ಗಂಜಿ ಕೊಡುತ್ತಿರಿ. ಮೂತ್ರ ಎಷ್ಟು ಸಲ ಹೋಯಿತು ಎಂದು ಬರೆದಿಡಿ.
* ವಿಪರೀತ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡು-ಮೂಗಿನಲ್ಲಿ ರಕ್ತ, ಕಪ್ಪು ಮಲ, ತಣ್ಣಗಾದ ಕೈಕಾಲು, ಮಂಕು ಅಥವಾ ಚಡಪಡಿಕೆ - ಯಾವುದೇ ಒಂದು ಕಂಡರೂ ಪ್ಲೇಟ್‌ಲೆಟ್ ಲಕ್ಷವೇ ಇರಲಿ, ತಕ್ಷಣ ಆಸ್ಪತ್ರೆಗೆ ಹೊರಡಿ.

ಮುಂದಿನ ಸಲ ಪಕ್ಕದ ಮನೆಯವರು ಗಾಬರಿಯಿಂದ ಫೋನ್ ಮಾಡಿದರೆ 'ಎಷ್ಟಿದೆ?' ಅಂತ ಕೇಳುವ ಮುಂಚೆ 'ನೀರು ಕುಡೀತಿದ್ದಾನಾ? ಮೂತ್ರ ಹೋಗ್ತಿದ್ಯಾ?' ಅಂತ ಕೇಳಿ ನೋಡಿ.